ತರಗತಿ ಜೊತೆ ಸ್ಕ್ಯಾಂಡಿನೇವಿಯಾ ಸುತ್ತುವುದು ಹೇಗೆ: ವಿದೇಶದಲ್ಲಿ ಓದುವವರಿಗೆ ಸಮಗ್ರ ಮಾರ್ಗದರ್ಶಿ

ಡೆನ್ಮಾರ್ಕ್‌ನಲ್ಲೋ ದಕ್ಷಿಣ ಸ್ವೀಡನ್‌ನಲ್ಲೋ ಓದುತ್ತಿದ್ದರೆ, ಸೆಮಿಸ್ಟರ್ ನಡುವೆ ತರಗತಿಯ ಅಧ್ಯಯನ ಪ್ರವಾಸ ಒಂದು ಇದ್ದೇ ಇರುತ್ತದೆ ಅಂದುಕೊಳ್ಳಿ. ಎಷ್ಟೋ ಕಡೆ ಅಧ್ಯಾಪಕರು ವಿಷಯ ಮತ್ತು ಖರ್ಚಿನ ಮಿತಿ ಹೇಳಿ, ಊರು, ರೈಲು, ಹಾಸ್ಟೆಲ್ ಗೊತ್ತುಮಾಡುವ ಕೆಲಸವನ್ನು ವಿದ್ಯಾರ್ಥಿಗಳಿಗೇ ಬಿಡುತ್ತಾರೆ. ಆ ಕೆಲಸ ನಿಮ್ಮ ಹೆಗಲಿಗೆ ಬಿದ್ದಿದ್ದರೆ, ಅಥವಾ ಸುಮ್ನೆ ಹೊರಟಿದ್ದರೂ ಸರಿಯಾಗಿ ತಯಾರಾಗಬೇಕು ಅನ್ನಿಸಿದ್ದರೆ, ಇದನ್ನು ಓದಿ. ಕೋಪನ್‌ಹೇಗನ್‌ನಿಂದ ಹೊರಟು ಲುಂಡ್, ಸ್ಟಾಕ್‌ಹೋಮ್, ಉಪ್ಸಾಲಾ, ಓಸ್ಲೊ ದಾಟಿ ಬರ್ಗನ್ ತಲುಪುವ ಒಂಬತ್ತು ದಿನಗಳ ದಾರಿಯನ್ನು ಇಲ್ಲಿ ಇಟ್ಟುಕೊಂಡಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಂಥ ಪ್ರವಾಸ ಕೆಡುವುದು ಹಣ ಸಾಲದೆ ಅಲ್ಲ, ಊರುಗಳು ಜಾಸ್ತಿಯಾಗಿ. ಊರು ಕಡಿಮೆ ಮಾಡಿ, ಇಡೀ ತರಗತಿ ಒಂದೇ ಪ್ರಶ್ನೆ ಹಿಡಿದು ಹೊರಡಿ. ಮುಂದಿನ ಹೆಜ್ಜೆಗಳೆಲ್ಲ ಇದರ ಮೇಲೆ ನಿಂತಿವೆ.

ಹೆಜ್ಜೆ 1: ಕಾಗದಪತ್ರ ನೋಡಿಕೊಳ್ಳಿ

ಟಿಕೆಟ್ ನೋಡುವ ಮೊದಲು ಪಾಸ್‌ಪೋರ್ಟ್ ತೆಗೆದು ಮೇಜಿನ ಮೇಲಿಡಿ. ಡೆನ್ಮಾರ್ಕ್, ಸ್ವೀಡನ್, ನಾರ್ವೆ ಮೂರೂ ಷೆಂಗೆನ್ ಒಳಗೆ, ಅಂದರೆ ಒಂದೇ ವೀಸಾ ನಿಯಮ ಇಟ್ಟುಕೊಂಡ ಐರೋಪ್ಯ ದೇಶಗಳ ವಲಯದೊಳಗೆ ಬರುತ್ತವೆ. ನಾರ್ವೆ ಐರೋಪ್ಯ ಒಕ್ಕೂಟದಲ್ಲಿ ಇಲ್ಲ, ಆದರೆ ಷೆಂಗೆನ್‌ನಲ್ಲಿ ಇದೆ. ನಿಮ್ಮ ಬಳಿ ಈ ಪೈಕಿ ಒಂದು ದೇಶದ ರೆಸಿಡೆನ್ಸ್ ಪರ್ಮಿಟ್ ಇದ್ದರೆ, ಉಳಿದ ಷೆಂಗೆನ್ ದೇಶಗಳಲ್ಲಿ ಯಾವುದೇ 180 ದಿನಗಳ ಅವಧಿಯಲ್ಲಿ 90 ದಿನಗಳವರೆಗೆ ಬೇರೆ ವೀಸಾ ಇಲ್ಲದೆ ಇರಬಹುದು. ಜರ್ಮನಿಯಲ್ಲಿ ಓದುತ್ತಿರುವವರಿಗೂ ಇದೇ ನಿಯಮ. ಹಾಗಾಗಿ ಒಂಬತ್ತು ದಿನದ ಪ್ರವಾಸಕ್ಕೆ ಸಾಮಾನ್ಯವಾಗಿ ಹೊಸ ವೀಸಾ ಬೇಕಾಗುವುದಿಲ್ಲ.

ಎಡವುವ ಜಾಗಗಳು ಬೇರೆ ಇವೆ. ಮೊದಲನೆಯದು, ಪರ್ಮಿಟ್ ಅವಧಿ ಮುಗಿದು ನವೀಕರಣದ ಅರ್ಜಿ ಬಾಕಿ ಇರುವುದು. ಅರ್ಜಿ ಹಾಕಿದ್ದೇನೆ ಅನ್ನುವ ರಸೀದಿ ಹಿಡಿದು ನೀವು ಓದುತ್ತಿರುವ ದೇಶದಲ್ಲಿ ಇರಬಹುದು. ಆದರೆ ಅದನ್ನು ನಂಬಿ ಗಡಿ ದಾಟಲು ಹೋಗಬೇಡಿ. ಪ್ರವಾಸದ ದಿನಾಂಕ ಗೊತ್ತಾದ ಕೂಡಲೇ ತರಗತಿಯ ಭಾರತೀಯರು, ಚೀನೀಯರು, ಬ್ರೆಜಿಲ್‌ನವರು ಎಲ್ಲರ ಕಾರ್ಡಿನ ಕೊನೆಯ ದಿನಾಂಕ ಕೇಳಿ ಪಟ್ಟಿ ಮಾಡಿ. ಐರೋಪ್ಯ ಸಹಪಾಠಿಗಳಿಗೆ ಇದು ತಲೆಗೇ ಹೊಳೆಯುವುದಿಲ್ಲ. ಅವರಿಗೆ ಗಡಿ ಅನ್ನುವುದು ರೈಲಿನ ಕಿಟಕಿಯಾಚೆ ಹಾದುಹೋಗುವ ಒಂದು ಫಲಕ, ಅಷ್ಟೇ. ನೆನಪಿಸಬೇಕಾದವರು ನೀವೇ.

ಎರಡನೆಯದು, ಪಾಸ್‌ಪೋರ್ಟನ್ನು ಹಾಸ್ಟೆಲ್ ಕೋಣೆಯಲ್ಲಿ ಬಿಟ್ಟು ಬರುವುದು. ಕೋಪನ್‌ಹೇಗನ್‌ನಿಂದ ಬರುವ ರೈಲು ಓರೆಸುಂಡ್ ಕಡಲ ಸೇತುವೆ ದಾಟಿದ ಮೇಲೆ, ಸ್ವೀಡನ್ ಕಡೆಯ ಮಾಲ್ಮೊ ಊರಿನ ಹ್ಯುಲ್ಲಿ ನಿಲ್ದಾಣದಲ್ಲಿ ಸ್ವೀಡನ್ ಪೊಲೀಸರು ಹತ್ತಿ ಗುರುತಿನ ದಾಖಲೆ ಕೇಳುವುದುಂಟು. ಅಲ್ಲಿ ಫೋನಿನ ಫೋಟೋ ನಡೆಯದು, ಕಾಲೇಜಿನ ಐಡಿ ಕಾರ್ಡೂ ಸಾಲದು. ಅಸಲಿ ಪಾಸ್‌ಪೋರ್ಟ್, ಅಸಲಿ ಪರ್ಮಿಟ್ ಕಾರ್ಡ್ ಎರಡೂ ಮೈಮೇಲಿರುವ ಚೀಲದಲ್ಲೇ ಇರಲಿ, ಸೂಟ್‌ಕೇಸ್‌ನಲ್ಲಿ ಬೇಡ. ಸ್ಕ್ಯಾನ್ ಪ್ರತಿಗಳನ್ನು ಇಮೇಲ್‌ನಲ್ಲಿ ಇಟ್ಟುಕೊಳ್ಳಿ. ಅಸಲಿ ಕಳೆದುಹೋದರೆ ರಾಯಭಾರ ಕಚೇರಿಯಲ್ಲಿ ಕೆಲಸಕ್ಕೆ ಬರುತ್ತವೆ.

ಮೂರನೆಯದು, ಉತ್ಸಾಹದಲ್ಲಿ ಸ್ವಾಲ್‌ಬಾರ್ಡ್ ಅಥವಾ ಫೆರೊ ದ್ವೀಪಗಳನ್ನು ಸೇರಿಸಿಕೊಳ್ಳುವುದು. ಸ್ವಾಲ್‌ಬಾರ್ಡ್ ನಾರ್ವೆಯದೇ, ಫೆರೊ ಮತ್ತು ಗ್ರೀನ್‌ಲ್ಯಾಂಡ್ ಡೆನ್ಮಾರ್ಕ್ ರಾಜ್ಯಕ್ಕೇ ಸೇರಿದವು. ಆದರೂ ಈ ಮೂರೂ ಷೆಂಗೆನ್ ಹೊರಗೆ. ಅಲ್ಲಿಗೆ ಹೋಗಿಬರುವ ನಿಯಮ ಬೇರೆ, ಅದನ್ನು ಬೇರೆಯಾಗಿಯೇ ವಿಚಾರಿಸಬೇಕು.

ಹೆಜ್ಜೆ 2: ವಾರದ ಸಂಖ್ಯೆ ಹಿಡಿದು ದಿನಾಂಕ ಗೊತ್ತುಮಾಡಿ

ಇಲ್ಲಿ ಜನ ತಿಂಗಳು, ತಾರೀಖಿಗಿಂತ ವಾರದ ಸಂಖ್ಯೆ ಹೇಳುವುದೇ ಹೆಚ್ಚು. "39ನೇ ವಾರ ಹೋಗೋಣವಾ?" ಅಂತ ಅಧ್ಯಾಪಕರು ಕೇಳಿದರೆ ಅದು ವರ್ಷದ ಮೂವತ್ತೊಂಬತ್ತನೇ ವಾರ, ಅಂದರೆ ಸೆಪ್ಟೆಂಬರ್ ಕೊನೆ. ಫೋನಿನ ಕ್ಯಾಲೆಂಡರ್ ಸೆಟಿಂಗ್ಸ್‌ನಲ್ಲಿ ವಾರದ ಸಂಖ್ಯೆ ಕಾಣುವಂತೆ ಮಾಡಿಕೊಳ್ಳಿ, ಅರ್ಧ ಗೊಂದಲ ಅಲ್ಲೇ ಹೋಗುತ್ತದೆ.

ಡೆನ್ಮಾರ್ಕ್‌ನಲ್ಲಿ 42ನೇ ವಾರ ಶಾಲೆಗಳಿಗೆ ಶರತ್ಕಾಲದ ರಜೆ. ಹಿಂದೆ ಮಕ್ಕಳು ಆಲೂಗೆಡ್ಡೆ ಕೀಳಲು ಹೊಲಕ್ಕೆ ಹೋಗುತ್ತಿದ್ದ ವಾರ ಅದು. ಸ್ವೀಡನ್‌ನಲ್ಲಿ ಅದೇ ರಜೆ ಸಾಮಾನ್ಯವಾಗಿ 44ನೇ ವಾರ. ನಾರ್ವೆಯಲ್ಲಿ ಜಾಗ ನೋಡಿಕೊಂಡು 40 ಅಥವಾ 41. ಈ ವಾರಗಳಲ್ಲಿ ರೈಲು, ಹಾಸ್ಟೆಲ್ ತುಂಬಿರುತ್ತವೆ. ಅದಕ್ಕಿಂತ ದೊಡ್ಡ ತೊಂದರೆ, ನೀವು ಭೇಟಿ ಮಾಡಬೇಕಾದ ಕಚೇರಿಯವರು ರಜೆ ಹಾಕಿ ಮಕ್ಕಳ ಜೊತೆ ಹೋಗಿರುತ್ತಾರೆ. ಅಧ್ಯಯನ ಪ್ರವಾಸಕ್ಕೆ 37ರಿಂದ 39ನೇ ವಾರ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಬೆಳಕು ಬೇಕಾದಷ್ಟು ಇರುತ್ತದೆ, ಚಳಿ ಇನ್ನೂ ಕಚ್ಚುವುದಿಲ್ಲ, ಬೇಸಿಗೆಯ ನೂಕುನುಗ್ಗಲು ಇಳಿದಿರುತ್ತದೆ. ಡಿಸೆಂಬರ್‌ನಲ್ಲಿ ಸ್ಟಾಕ್‌ಹೋಮ್‌ಗೆ ಸಿಗುವ ಹಗಲು ಆರು ಗಂಟೆಯ ಆಸುಪಾಸು ಮಾತ್ರ.

ವಸಂತದಲ್ಲಿ ಹೋಗುವುದಾದರೆ ಮೇ ತಿಂಗಳು. ಆಗ ಮೇ 17 ನೋಡಿಕೊಳ್ಳಿ. ಅಂದು ನಾರ್ವೆಯ ಸಂವಿಧಾನ ದಿನ. ಅಂಗಡಿ, ಕಚೇರಿ ಮುಚ್ಚಿರುತ್ತವೆ. ಓಸ್ಲೊದಲ್ಲಿ ಶಾಲಾ ಮಕ್ಕಳು ಬಾವುಟ ಹಿಡಿದು ಅರಮನೆಯ ಮುಂದೆ ಸಾಗುತ್ತಾರೆ. ಜನಜೀವನ ನೋಡುವುದು ನಿಮ್ಮ ವಿಷಯವಾಗಿದ್ದರೆ ಬೇಕೆಂದೇ ಅಂದು ಅಲ್ಲಿರಿ. ಕಾರ್ಖಾನೆ, ಕಚೇರಿ ನೋಡುವುದಾದರೆ ಆ ವಾರ ಬೇಡ. ಈಸ್ಟರ್ ವಾರ, ಸ್ವೀಡನ್‌ನ ಮಿಡ್‌ಸಮ್ಮರ್ ವಾರಾಂತ್ಯ ಎರಡನ್ನೂ ಬಿಟ್ಟುಬಿಡಿ. ಇನ್ನೊಂದು: ಬಹಳಷ್ಟು ವಸ್ತುಸಂಗ್ರಹಾಲಯಗಳಿಗೆ ಸೋಮವಾರ ರಜೆ. ಸೋಮವಾರವನ್ನು ಪ್ರಯಾಣಕ್ಕೆ ಇಟ್ಟುಕೊಳ್ಳಿ.

ಹೆಜ್ಜೆ 3: ಪ್ರಶ್ನೆ ಆರಿಸಿ, ಆಮೇಲೆ ಊರು

ಪ್ರಶ್ನೆ ದೊಡ್ಡದಿರಬೇಕಿಲ್ಲ, ಮೂರೂ ದೇಶದಲ್ಲಿ ಕೇಳುವಂಥದ್ದಾಗಿರಬೇಕು. "ಒಂದು ನಗರ ತನ್ನ ಕಸವನ್ನು ಏನು ಮಾಡುತ್ತದೆ?" ಅಂತ ಇಟ್ಟುಕೊಳ್ಳೋಣ. ಕೋಪನ್‌ಹೇಗನ್‌ನಲ್ಲಿ ಅಮಾಗರ್ ಬಾಕೆ ಇದೆ. ಕಸ ಸುಟ್ಟು ವಿದ್ಯುತ್ತು ಮತ್ತು ಮನೆಗಳಿಗೆ ಬಿಸಿನೀರಿನ ಕಾವು ಕೊಡುವ ಸ್ಥಾವರ, ಅದರ ಇಳಿಜಾರು ಚಾವಣಿಯ ಮೇಲೆ ಜನ ಸ್ಕೀ ಮಾಡುತ್ತಾರೆ. ಸ್ಟಾಕ್‌ಹೋಮ್‌ನಲ್ಲಿ ಹಮ್ಮರ್‌ಬ್ಯು ಶೋಸ್ಟಾಡ್ ಬಡಾವಣೆ ಇದೆ. ಅಲ್ಲಿ ಮನೆಮುಂದಿನ ಕೊಳವೆಗೆ ಹಾಕಿದ ಕಸ ಗಾಳಿಯ ಸೆಳೆತದಲ್ಲಿ ನೆಲದಡಿಯೇ ಸಾಗಿಹೋಗುತ್ತದೆ. ಓಸ್ಲೊದಲ್ಲಿ ಕ್ಲೆಮೆಟ್ಸ್‌ರುಡ್ ಸ್ಥಾವರ ಇದೆ. ಕಸ ಸುಟ್ಟಾಗ ಹೊರಬರುವ ಇಂಗಾಲದ ಡೈಆಕ್ಸೈಡನ್ನು ಹಿಡಿದಿಡುವ ಯೋಜನೆ ಅಲ್ಲಿಯದು. ಈಗ ನೋಡಿ, ಒಂದೇ ಪ್ರಶ್ನೆಗೆ ಮೂರು ಉತ್ತರ ಸಿಕ್ಕಿತು. ವರದಿಯ ಅರ್ಧ ಕೆಲಸ ಇಲ್ಲೇ ಆಯಿತು.

ಪ್ರಶ್ನೆ ಗೊತ್ತಾದ ಮೇಲೆ ಭೇಟಿಗೆ ಇಮೇಲ್ ಬರೆಯಿರಿ. ಆರರಿಂದ ಎಂಟು ವಾರ ಮೊದಲೇ ಬರೆದರೆ ಒಳ್ಳೆಯದು. ಪತ್ರ ಚಿಕ್ಕದಿರಲಿ: ಯಾರು, ಎಷ್ಟು ಜನ, ಯಾವ ದಿನ, ಎಷ್ಟು ಹೊತ್ತು, ಏನು ಕೇಳಬೇಕು. "ರೆಸ್ಪೆಕ್ಟೆಡ್ ಸರ್" ಅಂತ ಶುರುಮಾಡಿ ಅರ್ಧ ಪುಟ ವಿನಯ ತುಂಬುವುದು ನಮ್ಮಲ್ಲಿ ಒಳ್ಳೆಯ ರೂಢಿ, ಆದರೆ ಇಲ್ಲಿ ಅದರಿಂದ ವಿಷಯ ಮುಚ್ಚಿಹೋಗುತ್ತದೆ. ಹೆಸರು ಹಿಡಿದು ಬರೆಯಿರಿ. ಇಲ್ಲಿ ಪ್ರೊಫೆಸರನ್ನೂ ಹೆಸರಿನಿಂದಲೇ ಕರೆಯುತ್ತಾರೆ.

ಹೆಜ್ಜೆ 4: ದಾರಿ ಹಾಕಿಕೊಳ್ಳಿ

ಮೊದಲ ಎರಡು ದಿನ ಕೋಪನ್‌ಹೇಗನ್. ಊರು ಚಪ್ಪಟೆ, ಸೈಕಲ್ ಬಾಡಿಗೆಗೆ ಸಿಗುತ್ತದೆ. ಸೈಕಲ್ ದಾರಿಯಲ್ಲಿ ನಡೆಯಬೇಡಿ, ಫೋಟೋ ತೆಗೆಯಲು ಕೂಡ ನಿಲ್ಲಬೇಡಿ. ಬೆಳಿಗ್ಗೆ ಕೆಲಸಕ್ಕೆ ಹೋಗುವವರು ವೇಗವಾಗಿ ಬರುತ್ತಾರೆ. ರುಂಡೆಟೋರ್ನ್ ಗೋಪುರ ಹತ್ತಿ. ನಾಲ್ಕನೇ ಕ್ರಿಶ್ಚಿಯನ್ ರಾಜ 1642ರಲ್ಲಿ ಕಟ್ಟಿಸಿ ಮುಗಿಸಿದ ಖಗೋಳ ವೀಕ್ಷಣಾಲಯ ಅದು. ಒಳಗೆ ಮೆಟ್ಟಿಲ ಬದಲು ಸುತ್ತುತ್ತ ಏರುವ ಇಳಿಜಾರು ದಾರಿ ಇದೆ. ಸಂಜೆ ಕ್ರಿಶ್ಚಿಯನ್ಸ್‌ಹಾವ್ನ್ ಕಡೆ ಹೋಗಿ ಅಸಿಯಾಟಿಸ್ಕ್ ಪ್ಲಾಡ್ಸ್ ನೋಡಿ. ಈಗ ಡೆನ್ಮಾರ್ಕ್‌ನ ವಿದೇಶಾಂಗ ಸಚಿವಾಲಯ ಇರುವ ಆ ಜಾಗದಲ್ಲಿ ಹಿಂದೆ ಏಷ್ಯಾ ವ್ಯಾಪಾರದ ಕಂಪನಿಯ ಗೋದಾಮುಗಳಿದ್ದವು. ತಮಿಳುನಾಡಿನ ತರಂಗಂಬಾಡಿಯನ್ನು ಡೇನರು 1620ರಿಂದ 1845ರವರೆಗೆ ಇಟ್ಟುಕೊಂಡಿದ್ದರು, ಆಮೇಲೆ ಬ್ರಿಟಿಷರಿಗೆ ಮಾರಿದರು. ಈ ಮಾತು ತರಗತಿಯಲ್ಲಿ ಬಹುಪಾಲು ಜನಕ್ಕೆ ಗೊತ್ತಿರುವುದಿಲ್ಲ. ನೀವು ಹೇಳಿ.

ಮೂರನೇ ದಿನ ಬೆಳಿಗ್ಗೆ ಓರೆಸುಂಡ್ ಸೇತುವೆ ದಾಟಿ ಲುಂಡ್. ರೈಲು ಮೊದಲು ಸುರಂಗದಲ್ಲಿ ಇಳಿದು, ಮಾನವ ನಿರ್ಮಿತ ದ್ವೀಪವೊಂದರ ಮೇಲೆ ಎದ್ದು, ಆಮೇಲೆ ಸೇತುವೆ ಹತ್ತುತ್ತದೆ. ವಿಮಾನ ನಿಲ್ದಾಣದ ಪಕ್ಕ ಎತ್ತರದ ಸೇತುವೆ ಬೇಡ, ಹಡಗಿನ ದಾರಿಗೂ ಅಡ್ಡಿಯಾಗಬಾರದು ಅಂತ ಆ ಭಾಗವನ್ನು ಸುರಂಗ ಮಾಡಿದರು. 2000ದಲ್ಲಿ ಇದು ತೆರೆದ ಮೇಲೆ ಎರಡು ದೇಶಗಳ ನಡುವೆ ದಿನಾ ಕೆಲಸಕ್ಕೆ ಓಡಾಡುವವರ ಸಂಖ್ಯೆ ಬೆಳೆಯಿತು. ಲುಂಡ್ 1666ರಲ್ಲಿ ಶುರುವಾದ ವಿಶ್ವವಿದ್ಯಾಲಯದ ಊರು, ಅರ್ಧ ದಿನ ಸಾಕು. ಮಧ್ಯಾಹ್ನದ ರೈಲಿಗೆ ಸ್ಟಾಕ್‌ಹೋಮ್, ಸುಮಾರು ನಾಲ್ಕೂವರೆ ಗಂಟೆ.

ನಾಲ್ಕು ಮತ್ತು ಐದನೇ ದಿನ ಸ್ಟಾಕ್‌ಹೋಮ್. ಇಲ್ಲಿ ಒಂದೇ ಒಂದು ಜಾಗಕ್ಕೆ ಸಮಯ ಇದ್ದರೂ ವಾಸಾ ಅನ್ನುವ ಹಳೆ ಹಡಗಿನ ವಸ್ತುಸಂಗ್ರಹಾಲಯಕ್ಕೆ ಕೊಡಿ. ಎಂಜಿನಿಯರಿಂಗ್ ಓದುವವರಿಗೂ ಮ್ಯಾನೇಜ್‌ಮೆಂಟ್ ಓದುವವರಿಗೂ ಇದಕ್ಕಿಂತ ಒಳ್ಳೆಯ ಪಾಠ ಈ ದಾರಿಯಲ್ಲಿ ಸಿಗುವುದಿಲ್ಲ. ರಾಜ ಗುಸ್ತಾವ್ ಅಡಾಲ್ಫ್ ಯುದ್ಧಕ್ಕಾಗಿ ಕಟ್ಟಿಸಿದ ಈ ಹಡಗು 1628ರ ಆಗಸ್ಟ್ 10ರಂದು ಮೊದಲ ಯಾನಕ್ಕೆ ಹೊರಟಿತು. ಒಂದೂವರೆ ಕಿಲೋಮೀಟರ್ ಕೂಡ ಹೋಗಿರಲಿಲ್ಲ. ಗಾಳಿ ಬೀಸಿತು, ಹಡಗು ವಾಲಿತು, ತೆರೆದಿದ್ದ ಫಿರಂಗಿ ಕಿಂಡಿಗಳಿಂದ ನೀರು ನುಗ್ಗಿತು, ದಡದಲ್ಲಿ ನಿಂತ ಜನ ನೋಡುತ್ತಿದ್ದಂತೆಯೇ ಮುಳುಗಿತು. ಕಾರಣ, ಮೇಲಿನ ಭಾರ ಜಾಸ್ತಿ, ಬುಡ ಕಿರಿದು. ತೇರಿಗೆ ಬುಡ ಚಿಕ್ಕದು ಮಾಡಿ ಕಳಶದ ಕಡೆ ಭಾರ ಏರಿಸುತ್ತ ಹೋದ ಹಾಗೆ. ಹೊರಡುವ ಮೊದಲೇ ಪರೀಕ್ಷೆ ನಡೆದಿತ್ತು. ಮೂವತ್ತು ಮಂದಿ ಹಡಗಿನ ಡೆಕ್ ಮೇಲೆ ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ಓಡಿದರು. ಹಡಗು ಎಷ್ಟು ತೂಗಾಡಿತೆಂದರೆ ಪರೀಕ್ಷೆಯನ್ನು ಅರ್ಧಕ್ಕೇ ನಿಲ್ಲಿಸಿದರು. ಆದರೂ ಹಡಗು ಹೊರಟಿತು. ಮುಖ್ಯ ಹಡಗುಶಿಲ್ಪಿ ಹಿಂದಿನ ವರ್ಷವೇ ತೀರಿಹೋಗಿದ್ದ, ರಾಜ ದೂರದಲ್ಲಿದ್ದು ಅವಸರ ಮಾಡುತ್ತಿದ್ದ. ವಿಚಾರಣೆಯಲ್ಲಿ ಕೊನೆಗೆ ಯಾರ ಮೇಲೂ ತಪ್ಪು ಹೊರಿಸಲಿಲ್ಲ.

ಒಳಗೆ ಹೋದ ಕೂಡಲೇ ಹಡಗಿನ ಸುತ್ತ ಓಡಬೇಡಿ. ಬಡಗಿಗಳ ಅಳತೆಗೋಲುಗಳನ್ನು ಹುಡುಕಿ ನೋಡಿ. ಹಡಗಿನಲ್ಲಿ ಸಿಕ್ಕ ಅಳತೆಗೋಲುಗಳಲ್ಲಿ ಕೆಲವು ಸ್ವೀಡನ್‌ನ ಅಡಿಯವು, ಕೆಲವು ಆಮ್‌ಸ್ಟರ್‌ಡ್ಯಾಮ್‌ನ ಅಡಿಯವು. ಸ್ವೀಡನ್ ಅಡಿಗೆ 12 ಅಂಗುಲ, ಆಮ್‌ಸ್ಟರ್‌ಡ್ಯಾಮ್ ಅಡಿಗೆ 11. ಒಂದೇ ಹಡಗಿನ ಮೇಲೆ ಬೇರೆ ಬೇರೆ ಅಡಿ ಹಿಡಿದ ಕೆಲಸಗಾರರು! ಹಡಗಿನ ಎರಡು ಪಕ್ಕ ಸರಿಸಮ ಇಲ್ಲ ಅನ್ನುವುದು ಆಮೇಲೆ ಅಳೆದಾಗ ಗೊತ್ತಾಯಿತು. ಬಾಲ್ಟಿಕ್ ಸಮುದ್ರದ ನೀರಿಗೆ ಉಪ್ಪು ಕಡಿಮೆ, ಮರ ಕೊರೆಯುವ ಹಡಗುಹುಳು ಅಲ್ಲಿ ಬದುಕುವುದಿಲ್ಲ. ಆದ್ದರಿಂದ ಮರ ಉಳಿಯಿತು, 1961ರಲ್ಲಿ ಹಡಗನ್ನು ಮೇಲೆತ್ತಿದರು. ತರಗತಿಯವರನ್ನು ಇಬ್ಬಿಬ್ಬರಾಗಿ ಕಳಿಸಿ, ಪ್ರತಿ ಜೋಡಿಗೆ "ಯಾವ ಹಂತದಲ್ಲಿ ಇದನ್ನು ನಿಲ್ಲಿಸಬಹುದಿತ್ತು?" ಅನ್ನುವ ಪ್ರಶ್ನೆ ಕೊಡಿ. ಎರಡು ಗಂಟೆ ಇಡಿ.

ಹಳೆ ಊರು ಗಮ್ಲಾ ಸ್ಟಾನ್‌ನಲ್ಲಿ ನೊಬೆಲ್ ಪ್ರಶಸ್ತಿಯ ವಸ್ತುಸಂಗ್ರಹಾಲಯ ಇದೆ. ಅಲ್ಲಿನ ಕೆಫೆಯ ಕುರ್ಚಿಗಳ ಅಡಿಭಾಗದಲ್ಲಿ ಪ್ರಶಸ್ತಿ ಪಡೆದವರು ಸಹಿ ಹಾಕುತ್ತಾರೆ, ತಿರುಗಿಸಿ ನೋಡಬಹುದು. 1930ರ ಭೌತಶಾಸ್ತ್ರ ಪ್ರಶಸ್ತಿ ನಮ್ಮ ಸಿ. ವಿ. ರಾಮನ್ ಅವರದು. ಮೂರು ವರ್ಷದ ಮೇಲೆ ಅವರು ಬೆಂಗಳೂರಿಗೆ ಬಂದು ನೆಲೆಸಿದರು. ನಗರಸಭೆಯ ಕಟ್ಟಡದೊಳಗೆ ಗೈಡ್ ಜೊತೆಗೆ ಮಾತ್ರ ಹೋಗಬಹುದು, ಮೊದಲೇ ವಿಚಾರಿಸಿ. ಮೆಟ್ರೋ ನಿಲ್ದಾಣಗಳನ್ನು ತಪ್ಪಿಸಬೇಡಿ. ನೀಲಿ ಮಾರ್ಗದ ಕುಂಗ್ಸ್‌ಟ್ರೆಡ್‌ಗೋರ್ಡೆನ್, ಸೂಲ್ನಾ ಸೆಂಟ್ರಮ್ ನಿಲ್ದಾಣಗಳ ಬಂಡೆ ಗೋಡೆಗಳೇ ಚಿತ್ರಶಾಲೆ. ಒಂದು ಸಾಮಾನ್ಯ ಟಿಕೆಟ್ ಸಾಕು.

ಆರನೇ ದಿನ ಉಪ್ಸಾಲಾ, ರೈಲಿನಲ್ಲಿ ಸುಮಾರು 40 ನಿಮಿಷ. ವಿಶ್ವವಿದ್ಯಾಲಯ 1477ರದು. ಸಸ್ಯವಿಜ್ಞಾನಿ ಲಿನಿಯಸ್ ಅವರ ತೋಟಕ್ಕೆ ಹೋಗಿ. ಲಾಲ್‌ಬಾಗ್‌ನಲ್ಲಿ ಮರದ ಫಲಕ ಓದಿದ ಅಭ್ಯಾಸ ಇದ್ದವರಿಗೆ ಇಲ್ಲಿ ಬೇರೆಯೇ ಖುಷಿ. ಮಾವು, ತೆಂಗು, ಹುಣಸೆ ಇವುಗಳ ಶಾಸ್ತ್ರೀಯ ಹೆಸರಿನ ಕೊನೆಗೆ ಬರುವ 'ಎಲ್' ಅನ್ನುವ ಒಂಟಿ ಅಕ್ಷರ ಈ ಮನುಷ್ಯನದೇ. 1753ರಲ್ಲಿ ಅವರು ಗಿಡಗಳಿಗೆ ಎರಡು ಪದದ ಹೆಸರಿಡುವ ಪದ್ಧತಿಯನ್ನು ನೆಲೆಗೊಳಿಸಿದರು. ಚಳಿಗಾಲದಲ್ಲಿ ತೋಟ ಮುಚ್ಚಿರುತ್ತದೆ, ನೋಡಿಕೊಂಡು ಹೋಗಿ.

ಏಳನೇ ದಿನ ಸ್ಟಾಕ್‌ಹೋಮ್‌ನಿಂದ ಓಸ್ಲೊ. ಐದಾರು ಗಂಟೆಯ ರೈಲು. ಹಳಿ ರಿಪೇರಿ ಇದ್ದರೆ ನಡುವೆ ಬಸ್ಸಿಗೆ ಹತ್ತಿಸುತ್ತಾರೆ, ಆ ದಿನ ಬೇರೆ ಭೇಟಿ ಇಟ್ಟುಕೊಳ್ಳಬೇಡಿ. ಓಸ್ಲೊದಲ್ಲಿ ಸಂಜೆ ಒಪೆರಾ ಕಟ್ಟಡದ ಚಾವಣಿ ಮೇಲೆ ನಡೆಯಿರಿ, ಅದಕ್ಕೆ ಕಾಸಿಲ್ಲ. ಎಂಟನೇ ದಿನ ಬೆಳಿಗ್ಗೆ ಧ್ರುವಯಾತ್ರೆಗೆ ಹೋಗಿಬಂದ ಫ್ರಾಮ್ ಹಡಗು ಅಥವಾ ಶಿಲ್ಪಗಳ ವಿಗೆಲ್ಯಾಂಡ್ ಉದ್ಯಾನ, ಯಾವುದಾದರೂ ಒಂದು. ವೈಕಿಂಗ್ ಹಡಗುಗಳ ವಸ್ತುಸಂಗ್ರಹಾಲಯ ದೊಡ್ಡದಾಗಿ ಕಟ್ಟಲು 2022ರಲ್ಲಿ ಮುಚ್ಚಿತು. ಹಳೆ ಪ್ರವಾಸ ಪುಸ್ತಕ ನಂಬಿ ಅದಕ್ಕಾಗಿ ಬಿಗ್ಡೊಯ್ ಬಡಾವಣೆಗೆ ಹೋಗಬೇಡಿ, ತೆರೆದಿದೆಯಾ ಅಂತ ಮೊದಲು ನೋಡಿ. ವೈಕಿಂಗ್ ಹಡಗೇ ಬೇಕು ಅನ್ನುವವರು ಮೊದಲ ಎರಡು ದಿನಗಳಲ್ಲೇ ಕೋಪನ್‌ಹೇಗನ್ ಪಕ್ಕದ ರೊಸ್ಕಿಲ್ಡೆಗೆ ಹೋಗಿಬಂದರೆ ಆಯಿತು. 1962ರಲ್ಲಿ ಫ್ಯೋರ್ಡ್ (ನೆಲದೊಳಕ್ಕೆ ಚಾಚಿದ ಕಿರಿದಾದ ಕಡಲ ತೋಳು) ತಳದಿಂದ ಎತ್ತಿದ ಐದು ಹಡಗುಗಳು ಅಲ್ಲಿವೆ.

ಒಂಬತ್ತನೇ ದಿನ ಬೇಗ ಏಳಿ. ಓಸ್ಲೊದಿಂದ ಬರ್ಗನ್ ರೈಲು ಹಿಡಿದರೆ, ದಾರಿಯಲ್ಲಿ 1222 ಮೀಟರ್ ಎತ್ತರದ ಫಿನ್ಸೆ ಸಿಗುತ್ತದೆ. ಕೆಳಗೆ ಹಸಿರು ಕಾಡು ಬಿಟ್ಟು ಬಂದವರಿಗೆ ಅಲ್ಲಿ ಬರೀ ಬಂಡೆ, ಹಿಮ. ಮ್ಯುರ್ಡಾಲ್‌ನಲ್ಲಿ ಇಳಿದು ಫ್ಲೋಮ್ ರೈಲು ಹತ್ತಿ. 20 ಕಿಲೋಮೀಟರ್‌ನಲ್ಲಿ 860 ಮೀಟರ್‌ಗೂ ಜಾಸ್ತಿ ಕೆಳಗಿಳಿಯುವ ದಾರಿ ಅದು, ಒಂದು ಗಂಟೆ ಹಿಡಿಯುತ್ತದೆ. ಫ್ಲೋಮ್‌ನಿಂದ ಗುಡ್‌ವಾಂಗೆನ್‌ಗೆ ಎರಡು ಗಂಟೆಯ ದೋಣಿ. ನೇರೊಯ್‌ಫ್ಯೋರ್ಡ್ ತೀರಾ ಕಿರಿದಾಗುವಲ್ಲಿ ಅಗಲ ಸುಮಾರು 250 ಮೀಟರ್ ಮಾತ್ರ, ಎರಡೂ ಕಡೆ ಬೆಟ್ಟ ನೆಟ್ಟಗೆ ನಿಂತಿವೆ. 2005ರಿಂದ ಇದು ಯುನೆಸ್ಕೋ ಪಟ್ಟಿಯಲ್ಲಿದೆ. ಬ್ಯಾಟರಿಯಲ್ಲಿ ಓಡುವ ದೋಣಿಗಳೂ ಈ ಮಾರ್ಗದಲ್ಲಿವೆ, ಅವುಗಳಲ್ಲಿ ಎಂಜಿನ್ ಸದ್ದಿಲ್ಲದೆ ಜಲಪಾತದ ಸದ್ದು ಕೇಳಿಸುತ್ತದೆ. ಗುಡ್‌ವಾಂಗೆನ್‌ನಿಂದ ಬಸ್ಸಿನಲ್ಲಿ ವೋಸ್, ಅಲ್ಲಿಂದ ರೈಲಿನಲ್ಲಿ ಬರ್ಗನ್. ಇಡೀ ದಿನ ಬೇಕು. ಈ ದಿನಕ್ಕೆ ದುಡ್ಡು ಜಾಸ್ತಿ ಆಗುತ್ತದೆ, ಬೇರೆ ಕಡೆ ಉಳಿಸಿಯಾದರೂ ಇದನ್ನು ಇಟ್ಟುಕೊಳ್ಳಿ.

ಆಟೋಮೊಬೈಲ್ ಓದುವವರು ಸ್ಟಾಕ್‌ಹೋಮ್ ಬಿಟ್ಟು ಮಾಲ್ಮೊ, ಗೊಥೆನ್‌ಬರ್ಗ್, ಓಸ್ಲೊ ದಾರಿ ಹಿಡಿಯಬಹುದು. ಹೊಸಕೋಟೆಯಲ್ಲಿ ಬಸ್ ಕಟ್ಟಿದ ವೋಲ್ವೋ ಮೂಲ ಊರು ಗೊಥೆನ್‌ಬರ್ಗ್.

ಹೆಜ್ಜೆ 5: ಟಿಕೆಟ್ ಮತ್ತು ವಸತಿ

ದೂರದ ರೈಲುಗಳಿಗೆ ಮುಂಚೆ ಕೊಂಡಷ್ಟೂ ಅಗ್ಗ, ಕೊನೆಗೆ ಬೆಲೆ ಎರಡು ಮೂರು ಪಟ್ಟಾಗುವುದುಂಟು. ಹಲವು ದೇಶಗಳ ರೈಲಿನಲ್ಲಿ ನಡೆಯುವ ಪಾಸ್ ಕೊಳ್ಳುವ ಯೋಚನೆ ಇದ್ದರೆ ಒಂದು ಗಮನಿಸಿ: ಯೂರೋಪಿನಲ್ಲಿ ಕಾನೂನುಬದ್ಧವಾಗಿ ವಾಸ ಇರುವ ನಿಮಗೆ ಇಂಟರ್‌ರೈಲ್, ಭಾರತದಿಂದ ನಿಮ್ಮನ್ನು ನೋಡಲು ಬರುವ ಅಪ್ಪ ಅಮ್ಮನಿಗೆ ಯೂರೈಲ್. ನೀವು ವಾಸವಿರುವ ದೇಶದೊಳಗೆ ಇಂಟರ್‌ರೈಲ್ ಬಳಕೆಗೆ ಮಿತಿ ಇದೆ. ಸ್ವೀಡನ್‌ನ ವೇಗದ ರೈಲಿಗೆ ಪಾಸ್ ಇದ್ದರೂ ಸೀಟು ಕಾಯ್ದಿರಿಸಬೇಕು. ಫ್ಲೋಮ್ ರೈಲಿಗೆ ಪಾಸ್‌ನವರಿಗೆ ರಿಯಾಯಿತಿ ಮಾತ್ರ. ಎಲ್ಲ ರೈಲುಗಳ ಬಿಡಿ ಟಿಕೆಟ್ ಬೆಲೆ ಕೂಡಿಸಿ, ಪಾಸ್ ಮತ್ತು ಸೀಟಿನ ಶುಲ್ಕ ಕೂಡಿಸಿ, ಹೋಲಿಸಿ. ಗುಂಪಿಗೆ ಒಟ್ಟಾಗಿ ಬುಕ್ ಮಾಡಿದರೆ ರಿಯಾಯಿತಿ ಇದೆಯಾ ಅಂತ ಕೇಳಲು ಮರೆಯಬೇಡಿ.

ವಸತಿಗೆ ಅಡುಗೆಮನೆ ಇರುವ ಹಾಸ್ಟೆಲ್ ಹುಡುಕಿ. ಬೆಲೆಯಲ್ಲಿ ಹಾಸಿಗೆ ಬಟ್ಟೆ ಸೇರಿದೆಯಾ ನೋಡಿ. ಬಹಳ ಕಡೆ ಬೆಡ್‌ಶೀಟ್, ಟವೆಲ್‌ಗೆ ಬೇರೆ ದುಡ್ಡು. ಸ್ವಂತ ಬೆಡ್‌ಶೀಟ್, ದಿಂಬಿನ ಕವರ್ ಒಯ್ದರೆ ಉಳಿಯುತ್ತದೆ. ಆದರೆ ಸ್ಲೀಪಿಂಗ್ ಬ್ಯಾಗ್ ಅನೇಕ ಹಾಸ್ಟೆಲ್‌ಗಳಲ್ಲಿ ಒಪ್ಪುವುದಿಲ್ಲ. ಮಂಚಗಳ ಕೋಣೆ ಹುಡುಗ ಹುಡುಗಿಯರಿಗೆ ಒಟ್ಟಿಗೇ ಇರುವುದು ಇಲ್ಲಿ ಮಾಮೂಲು. ಬೇರೆ ಕೋಣೆ ಬೇಕಿದ್ದವರು ಸಂಕೋಚ ಪಡದೆ ಬುಕಿಂಗ್‌ಗೆ ಮೊದಲೇ ಹೇಳಿ.

ಹೆಜ್ಜೆ 6: ಹಣ

ಮೂರು ದೇಶ, ಮೂರು ಕ್ರೋನ್. ಹೆಸರು ಒಂದೇ ಥರ ಇದ್ದರೂ ಬೆಲೆ ಬೇರೆ ಬೇರೆ. ಡೇನಿಷ್ ಕ್ರೋನ್ ಯೂರೋಗೆ ಜೋಡಿಸಿಕೊಂಡಿದೆ, ಒಂದು ಯೂರೋಗೆ ಸುಮಾರು 7.46. ಉಳಿದೆರಡು ಏರಿಳಿಯುತ್ತವೆ. ನಗದು ತೆಗೆಯುವ ಅಗತ್ಯವೇ ಬರುವುದಿಲ್ಲ, ಸ್ವೀಡನ್‌ನಲ್ಲಿ ಎಷ್ಟೋ ಅಂಗಡಿಗಳು ನಗದು ತೆಗೆದುಕೊಳ್ಳುವುದೇ ಇಲ್ಲ. ಎರಡು ಕಾರ್ಡ್ ಇರಲಿ, ಎರಡನ್ನೂ ಒಂದೇ ಪರ್ಸಿನಲ್ಲಿ ಇಡಬೇಡಿ. ಕಾರ್ಡ್ ಯಂತ್ರ "ರೂಪಾಯಿಯಲ್ಲಿ ಕೊಡುತ್ತೀರಾ, ಸ್ಥಳೀಯ ಹಣದಲ್ಲಾ?" ಅಂತ ಕೇಳಿದರೆ ಯಾವಾಗಲೂ ಸ್ಥಳೀಯ ಹಣವನ್ನೇ ಒತ್ತಿ. ಇಲ್ಲದಿದ್ದರೆ ವಿನಿಮಯ ದರದಲ್ಲಿ ಕಳೆದುಕೊಳ್ಳುತ್ತೀರಿ. ಭಾರತದ ಕಾರ್ಡ್ ಬಳಸುವವರು ಒಟಿಪಿ ಬರುವ ಸಿಮ್ ಚಾಲ್ತಿಯಲ್ಲಿ ಇಟ್ಟುಕೊಳ್ಳಿ.

ಬಾಟಲಿ, ಕ್ಯಾನ್ ಎಸೆಯಬೇಡಿ. ಮೂರೂ ದೇಶದಲ್ಲಿ ಅವುಗಳ ಬೆಲೆಯಲ್ಲಿ ಠೇವಣಿ ಸೇರಿರುತ್ತದೆ. ಡೆನ್ಮಾರ್ಕ್‌ನಲ್ಲಿ ಒಂದರಿಂದ ಮೂರು ಕ್ರೋನ್. ಸೂಪರ್‌ಮಾರ್ಕೆಟ್‌ನ ಯಂತ್ರಕ್ಕೆ ಹಾಕಿದರೆ ಚೀಟಿ ಬರುತ್ತದೆ, ಬಿಲ್ಲಿನಲ್ಲಿ ಕಳೆಯುತ್ತಾರೆ. ಆದರೆ ಒಂದು ದೇಶದ ಬಾಟಲಿಗೆ ಇನ್ನೊಂದು ದೇಶದಲ್ಲಿ ದುಡ್ಡು ಸಿಗದು. ಗಡಿ ದಾಟುವ ಮೊದಲೇ ಹಾಕಿಬಿಡಿ.

ಹೆಜ್ಜೆ 7: ಊಟ

ಹೋಟೆಲ್ ಊಟ ದುಬಾರಿ. ಬೆಳಿಗ್ಗೆ ಹಾಸ್ಟೆಲ್‌ನಲ್ಲಿ, ಮಧ್ಯಾಹ್ನ ಹೊರಗೆ, ರಾತ್ರಿ ಅಡುಗೆ: ಈ ಕ್ರಮ ಉಳಿತಾಯದ್ದು. ಸ್ವೀಡನ್‌ನಲ್ಲಿ ವಾರದ ದಿನಗಳಲ್ಲಿ ಸುಮಾರು ಹನ್ನೊಂದರಿಂದ ಎರಡರವರೆಗೆ "ಡಾಗೆನ್ಸ್ ಲಂಚ್" ಸಿಗುತ್ತದೆ. ಒಂದು ಬೆಲೆಗೆ ಊಟ, ಸಲಾಡ್, ಬ್ರೆಡ್, ಬಹಳ ಕಡೆ ಕಾಫಿಯೂ ಸೇರಿ. ಅದೇ ಅಡುಗೆ ರಾತ್ರಿ ತಿಂದರೆ ಬೆಲೆ ಬೇರೆ.

ಸಸ್ಯಾಹಾರಿಗಳು "ವೆಗೆಟಾರಿಸ್ಕ್" ಅಂತ ಕೇಳಿ, ಮೂರೂ ಭಾಷೆಯಲ್ಲಿ ನಡೆಯುತ್ತದೆ. ಅದರಲ್ಲಿ ಮೊಟ್ಟೆ ಇರಬಹುದು. ಮೊಟ್ಟೆಯೂ ಬೇಡ ಅಂದರೆ "ವೆಗಾನ್ಸ್ಕ್" ಅಂತ ಹೇಳುವುದೇ ಸುಲಭ. ಕಟ್ಟುನಿಟ್ಟಾಗಿ ನೋಡುವವರು ಚೀಸ್‌ನಲ್ಲಿ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್, ಮಿಠಾಯಿಯಲ್ಲಿ ಜೆಲಟಿನ್ ಇದೆಯಾ ಅಂತ ಲೇಬಲ್ ಮೇಲೆ ಫೋನಿನ ಕ್ಯಾಮೆರಾ ಅನುವಾದ ಹಿಡಿದು ನೋಡಿ. ಮಾಲ್ಮೊದಲ್ಲಿ ಮೊಲ್ಲೆವಾಂಗೆನ್ ಕಡೆ ಫಲಾಫೆಲ್ ಅಗ್ಗ, ಹೊಟ್ಟೆ ತುಂಬುತ್ತದೆ. ಸ್ವೀಡನ್‌ನ ಬೇಕರಿಯಲ್ಲಿ ಏಲಕ್ಕಿ ಬನ್ ಕೇಳಿ. ಬಿಸಿ ಬನ್ನಿನ ಏಲಕ್ಕಿ ಘಮಕ್ಕೆ ಮನೆ ನೆನಪಾಗದೆ ಇರದು.

ಚೀಲದಲ್ಲಿ ಗೊಜ್ಜವಲಕ್ಕಿ ಮಿಕ್ಸ್, ಪುಳಿಯೋಗರೆ ಗೊಜ್ಜು, ಚಟ್ನಿಪುಡಿ ಇದ್ದರೆ ಹಾಸ್ಟೆಲ್ ಅಡುಗೆಮನೆಯಲ್ಲಿ ಹತ್ತು ಜನಕ್ಕೆ ಊಟ ಆಗುತ್ತದೆ. ಅಕ್ಕಿ ಎಲ್ಲ ಕಡೆ ಸಿಗುತ್ತದೆ. ಒಗ್ಗರಣೆ ಹಾಕುವಾಗ ಮಾತ್ರ ಹುಷಾರು. ಎಣ್ಣೆ ಹೊಗೆಗೆ ಅಲಾರಂ ಹೊಡೆದುಕೊಂಡರೆ ಇಡೀ ಹಾಸ್ಟೆಲ್ ಹೊರಗೆ ಬರಬೇಕು. ಕಿಟಕಿ ತೆಗೆದು, ಚಿಮಣಿ ಹಾಕಿ, ಸಣ್ಣ ಉರಿಯಲ್ಲಿ ಮಾಡಿ. ಊರಿಂದ ಬರುವಾಗ ಅಮ್ಮ ತುಪ್ಪ, ಪೇಡ ಕಟ್ಟಿದರೆ ಬೇಡ ಅನ್ನಿ. ಹೊರದೇಶದಿಂದ ಹಾಲಿನ ಪದಾರ್ಥ, ಮಾಂಸ ತರುವುದನ್ನು ಐರೋಪ್ಯ ಒಕ್ಕೂಟ ನಿಷೇಧಿಸಿದೆ.

ನಲ್ಲಿ ನೀರು ಮೂರೂ ದೇಶದಲ್ಲಿ ಧಾರಾಳವಾಗಿ ಕುಡಿಯಬಹುದು. ನೀರಿನ ಬಾಟಲಿ ಕೊಳ್ಳಬೇಡಿ.

ಹೆಜ್ಜೆ 8: ಚೀಲ

ಒಂದು ದಪ್ಪ ಜಾಕೆಟ್‌ಗಿಂತ ಮೂರು ಪದರ ಒಳ್ಳೆಯದು. ಒಳಗೆ ಉಣ್ಣೆಯದು, ನಡುವೆ ಬೆಚ್ಚಗಿನದು, ಮೇಲೆ ನೀರು ಇಳಿಯದ ಜಾಕೆಟ್. ಹತ್ತಿ ಬನಿಯನ್ ಬೆವರು ಹಿಡಿದು ಒದ್ದೆಯಾದರೆ ಮೈ ತಣ್ಣಗಾಗುತ್ತದೆ. ಬರ್ಗನ್‌ನಲ್ಲಿ ವರ್ಷಕ್ಕೆ 200ಕ್ಕೂ ಹೆಚ್ಚು ದಿನ ಮಳೆ. ಆಗುಂಬೆ ಕಡೆಯವರಿಗೆ ಮಳೆ ಹೊಸದಲ್ಲ, ಆದರೆ ಇಲ್ಲಿ ಮಳೆಯ ಜೊತೆ ಗಾಳಿ ಇರುತ್ತದೆ, ಕೊಡೆ ನಿಲ್ಲುವುದಿಲ್ಲ. ನೀರು ನುಗ್ಗದ ಶೂ ಕಡ್ಡಾಯ. ಭಾರತದ ಮೂರು ಪಿನ್ನಿನ ಚಾರ್ಜರ್ ಇಲ್ಲಿನ ಗೋಡೆಗೆ ಕೂರದು, ಅಡಾಪ್ಟರ್ ಬೇಕು. ಚೀಲ ನೀವೇ ಹೊತ್ತು ರೈಲು ಹತ್ತಿಸುವಷ್ಟಿರಲಿ.

ಹೆಜ್ಜೆ 9: ದಾರಿಯಲ್ಲಿ ನಡೆದುಕೊಳ್ಳುವ ರೀತಿ

8.04ರ ರೈಲು ಅಂದರೆ 8.04. ಗುಂಪು ಇಪ್ಪತ್ತು ನಿಮಿಷ ಮೊದಲೇ ಪ್ಲಾಟ್‌ಫಾರ್ಮ್‌ನಲ್ಲಿ ಇರಬೇಕು, ಯಾರಿಗೂ ಕಾಯುವುದಿಲ್ಲ ಅನ್ನುವ ನಿಯಮ ಮೊದಲ ದಿನವೇ ಹೇಳಿ. ಇಬ್ಬಿಬ್ಬರ ಜೋಡಿ ಮಾಡಿ, ಒಬ್ಬರನ್ನೊಬ್ಬರು ಎಣಿಸಿಕೊಳ್ಳಲಿ. ರೈಲಿನಲ್ಲಿ ಮೌನದ ವಿಭಾಗ ಇರುತ್ತದೆ, ಅಲ್ಲಿ ಫೋನ್ ಮಾತು, ಗುಂಪಿನ ಹರಟೆ ಬೇಡ. ಬುಕ್ ಮಾಡುವಾಗಲೇ ಆ ಸೀಟು ತಪ್ಪಿಸಿ.

ಬಹಳ ಮನೆಗಳಲ್ಲಿ ಹಾಗೂ ಕೆಲವು ಕಚೇರಿಗಳಲ್ಲಿ ಶೂ ಬಾಗಿಲಲ್ಲೇ ಬಿಡುತ್ತಾರೆ, ನಮಗೆ ಅದು ಅಭ್ಯಾಸವೇ. ಭೇಟಿ ಕೊಟ್ಟ ಜಾಗದಲ್ಲಿ ಪ್ರಶ್ನೆ ಕೇಳಿ. ಸುಮ್ಮನೆ ಕೂರುವುದನ್ನು ಇಲ್ಲಿ ಗೌರವ ಅಂತ ತಿಳಿಯುವುದಿಲ್ಲ, ಆಸಕ್ತಿ ಇಲ್ಲ ಅಂತ ತಿಳಿಯುತ್ತಾರೆ. ಶಾಲೆ, ಆಟದ ಮೈದಾನದಲ್ಲಿ ಮಕ್ಕಳ ಫೋಟೋ ತೆಗೆಯಬೇಡಿ.

ಯಾರಿಗಾದರೂ ಆರೋಗ್ಯ ಕೆಟ್ಟರೆ ಡೆನ್ಮಾರ್ಕ್, ಸ್ವೀಡನ್‌ನಲ್ಲಿ ತುರ್ತು ಸಂಖ್ಯೆ 112. ನಾರ್ವೆಯಲ್ಲಿ ಆಂಬುಲೆನ್ಸ್‌ಗೆ 113, ಪೊಲೀಸರಿಗೆ 112, ಬೆಂಕಿಗೆ 110. ನೀವು ಓದುವ ದೇಶದ ಆರೋಗ್ಯ ಕಾರ್ಡ್ ಪಕ್ಕದ ದೇಶದಲ್ಲೂ ನಡೆಯುತ್ತದೆ ಅಂತ ಅಂದುಕೊಳ್ಳಬೇಡಿ, ಪ್ರವಾಸ ವಿಮೆ ಮಾಡಿಸಿ. ದಿನಾ ತೆಗೆದುಕೊಳ್ಳುವ ಔಷಧಿ ಇದ್ದರೆ ವೈದ್ಯರ ಚೀಟಿ ಜೊತೆ, ಮೂಲ ಪೊಟ್ಟಣದಲ್ಲೇ ಇರಲಿ. ನಾರ್ವೆಗೆ ಹೋಗುವಾಗ ಕಸ್ಟಮ್ಸ್ ನೋಡುವುದುಂಟು.

ಹೆಜ್ಜೆ 10: ಬರಹ ಮತ್ತು ಲೆಕ್ಕ

ದೂರದ ರೈಲು ಹತ್ತಿದ ಮೊದಲ ಅರ್ಧ ಗಂಟೆ ಎಲ್ಲರೂ ಬರೆಯಲಿ. ಹಿಂದಿನ ದಿನ ಏನು ನೋಡಿದೆವು, ಯಾರು ಏನು ಹೇಳಿದರು, ನಮ್ಮ ಪ್ರಶ್ನೆಗೆ ಏನು ಸಿಕ್ಕಿತು. ಕನ್ನಡದಲ್ಲೇ ಗೀಚಿಕೊಂಡರೂ ಸರಿ, ಅನ್ನಿಸಿದ್ದು ಪೂರ್ತಿ ಬರುತ್ತದೆ. ವರದಿಗೆ ಆಮೇಲೆ ಇಂಗ್ಲಿಷ್ ಮಾಡಿದರಾಯಿತು. ಮಾತಾಡಿದವರ ಹೆಸರು ಹಾಕುವ ಮೊದಲು ಅವರ ಒಪ್ಪಿಗೆ ಕೇಳಿ, ಫೋಟೋಗೂ ಅಷ್ಟೇ.

ಖರ್ಚನ್ನು ಅಂದಂದೇ ಹಂಚಿಕೆಯ ಆ್ಯಪ್‌ನಲ್ಲಿ ಹಾಕಿ, ಯಾವ ಕ್ರೋನ್ ಅಂತ ಸೇರಿಸಿ. ಯಾವ ದಿನದ ದರದಲ್ಲಿ ಲೆಕ್ಕ ಹಾಕುವುದು ಅಂತ ಹೊರಡುವ ಮೊದಲೇ ಒಪ್ಪಿಕೊಂಡರೆ ಆಮೇಲೆ ಮನಸ್ತಾಪ ಬರದು. ರಸೀದಿಗಳ ಫೋಟೋ ಒಂದೇ ಫೋಲ್ಡರ್‌ನಲ್ಲಿ ಹಾಕಿ, ವಿಶ್ವವಿದ್ಯಾಲಯದಿಂದ ವಾಪಸ್ ಬರಬೇಕಾದ ಹಣಕ್ಕೆ ಅವೇ ಆಧಾರ. ಬರ್ಗನ್‌ನಿಂದ ವಾಪಸ್ ಬಂದ ವಾರದೊಳಗೆ ಎಲ್ಲರ ಬಾಕಿ ತೀರಿಸಿ, ಭೇಟಿಗೆ ಸಮಯ ಕೊಟ್ಟವರಿಗೆ ಎರಡು ಸಾಲಿನ ಧನ್ಯವಾದ ಬರೆದು ವರದಿಯ ಪ್ರತಿಯನ್ನೂ ಕಳಿಸಿ. ಮುಂದಿನ ವರ್ಷದ ತಂಡಕ್ಕೆ ಅದೇ ಬಾಗಿಲು ತೆರೆದಿರುತ್ತದೆ.